ಸ್ವಚ್ಛ ಇಲಿಯ ಸಾಕ್ಷ್ಯ

30, 30, 48, 53. ನಾಲ್ಕು ಗುಂಪಿನ ರೋಗಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಸತ್ತರು ಎಂಬ ಲೆಕ್ಕ ಇದು. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸೋಂಕಿನಿಂದ ಬಿಪಿ ಕುಸಿದು ಐಸಿಯು ಸೇರಿದ್ದ 141 ಮಂದಿ ಆ ಪ್ರಯೋಗದಲ್ಲಿದ್ದರು. ಮೊದಲ ಗುಂಪಿಗೆ ಕೊಟ್ಟದ್ದು ಔಷಧವೇ ಇಲ್ಲದ ಚುಚ್ಚುಮದ್ದು. ಎರಡನೆಯದಕ್ಕೆ ಔಷಧ ಸ್ವಲ್ಪ, ಮೂರನೆಯದಕ್ಕೆ ಇನ್ನಷ್ಟು, ನಾಲ್ಕನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು. ಮದ್ದು ಏರಿದಂತೆ ಸಾವೂ ಏರಿತು.

ಆ ಮದ್ದು ಯಾರೋ ಕುರುಡು ಧೈರ್ಯದಲ್ಲಿ ತಯಾರಿಸಿದ್ದೇನೂ ಆಗಿರಲಿಲ್ಲ. ಸೋಂಕು ತಗಲಿದಾಗ ನಮ್ಮ ರಕ್ಷಣಾ ಕೋಶಗಳು ಟಿಎನ್‌ಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ಅದು ಇಡೀ ಮೈಗೆ ಸಾರುವ ಡಂಗುರ. ಆ ಡಂಗುರವನ್ನು ತಡೆಯುವುದೇ ಮದ್ದಿನ ಕೆಲಸ. 1985ರಲ್ಲಿ ಟಿಎನ್‌ಎಫ್ ಅನ್ನು ತಡೆದಾಗ ಇಲಿಗಳು ಬ್ಯಾಕ್ಟೀರಿಯಾದ ವಿಷದಿಂದ ಪಾರಾದವು. 1987ರಲ್ಲಿ ಬಬೂನ್ ಕೋತಿಗಳೂ ಬದುಕಿಕೊಂಡವು. ಇಲಿ ಆಯಿತು, ಕೋತಿ ಆಯಿತು, ಉಳಿದದ್ದು ಮನುಷ್ಯ. ಒಂದು ಚಿಕ್ಕ ಸಂಗತಿ ಮಾತ್ರ ಯಾರ ಕಣ್ಣಿಗೂ ದೊಡ್ಡದಾಗಿ ಕಾಣಲಿಲ್ಲ. ಕೋತಿಗಳಿಗೆ ಪೂರ್ತಿ ರಕ್ಷಣೆ ಸಿಕ್ಕಿದ್ದು ಬ್ಯಾಕ್ಟೀರಿಯಾ ಚುಚ್ಚುವುದಕ್ಕೆ ಎರಡು ಗಂಟೆ ಮೊದಲೇ ಟಿಎನ್‌ಎಫ್ ತಡೆಯುವ ಪ್ರತಿಕಾಯ ಕೊಟ್ಟಿದ್ದರಿಂದ. ನಾಳೆ ಬೆಳಿಗ್ಗೆ ಹತ್ತಕ್ಕೆ ನನಗೆ ಇಂಥ ಸೋಂಕು ಶುರುವಾಗುತ್ತದೆ, ಎಂಟಕ್ಕೇ ಮದ್ದು ಕೊಡಿ ಎಂದು ಆಸ್ಪತ್ರೆಗೆ ಬರುವವರು ಯಾರಿದ್ದಾರೆ? (1996ರ ಆ ಔಷಧ ಇವತ್ತೂ ಬಳಕೆಯಲ್ಲಿದೆ, ಸಂಧಿವಾತಕ್ಕೆ. ಅಲ್ಲಿ ಅದು ಒಳ್ಳೆಯ ಮದ್ದು.)

ಮೂರು ದಶಕದ ಹಳೆಯ ಈ ಕಥೆಯನ್ನು ಈಗ ತೆಗೆಯಲು ಕಾರಣವಿದೆ. ಇದೇ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡುವ ಕಡೆಗೆ ನಾವು ಹೊರಟಿದ್ದೇವೆ.

‘ನಂಜು ಏರಿದೆ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಐಸಿಯು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಆದರೆ ಎರಡೂ ಪೂರ್ತಿ ಒಂದೇ ಅಲ್ಲ. ನಂಜು ಎಂದರೆ ಹೊರಗಿಂದ ಬಂದ ವಿಷ. 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಸೋಂಕಿಗೆ ದೇಹ ಕೊಡುವ ಉತ್ತರವೇ ಹದ ತಪ್ಪಿ, ಕಿಡ್ನಿ, ಶ್ವಾಸಕೋಶ, ಹೃದಯ ಕೈಕೊಡುವುದು ಸೆಪ್ಸಿಸ್. ಇಲಿ ಹೊಕ್ಕಿತೆಂದು ಮನೆಗೇ ಬೆಂಕಿ ಇಟ್ಟ ಹಾಗೆ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 4 ಕೋಟಿ 89 ಲಕ್ಷ ಮಂದಿಗೆ ಇದು ಬಂತು, 1 ಕೋಟಿ 10 ಲಕ್ಷ ಮಂದಿ ಸತ್ತರು ಎಂದು 2020ರಲ್ಲಿ ‘ಲ್ಯಾನ್ಸೆಟ್’ ಅಂದಾಜು ಮಾಡಿತು. ಒಟ್ಟು ಸಾವುಗಳಲ್ಲಿ ಐದಕ್ಕೊಂದು. ಅದರಲ್ಲಿ ಭಾರತದ ಪಾಲು ಸುಮಾರು 29 ಲಕ್ಷ.

ಇಲ್ಲಿಯವರೆಗೆ ನಮ್ಮ ಕೈಯಲ್ಲಿದ್ದ ನಿಜವಾದ ಅಸ್ತ್ರ ಒಂದೇ: ಸರಿಯಾದ ಆ್ಯಂಟಿಬಯೋಟಿಕ್, ಸರಿಯಾದ ಹೊತ್ತಿಗೆ. ಆ ಅಸ್ತ್ರ ಮೊಂಡಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದಲ್ಲಿರುವ ಆಸ್ಪತ್ರೆಗಳಲ್ಲಿ 2017ರಲ್ಲಿ ಇ-ಕೋಲಿಯ ನೂರು ಮಾದರಿಗಳಲ್ಲಿ ಸುಮಾರು 81 ಇಮಿಪೆನೆಮ್ ಎಂಬ ಬಲವಾದ ಮದ್ದಿಗೆ ಬಗ್ಗುತ್ತಿದ್ದವು. 2023ರ ಹೊತ್ತಿಗೆ ಅದು 63ರ ಆಸುಪಾಸಿಗೆ ಇಳಿಯಿತು. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸ್ಥಿತಿ ಇದಕ್ಕಿಂತ ಕೆಟ್ಟದ್ದು. 2025ರಿಂದ 2050ರವರೆಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ 3 ಕೋಟಿ 90 ಲಕ್ಷ ಸಾವು ಸಂಭವಿಸಬಹುದು, ಅದರಲ್ಲಿ 1 ಕೋಟಿ 18 ಲಕ್ಷ ದಕ್ಷಿಣ ಏಷ್ಯಾದಲ್ಲೇ ಎಂದು 2024ರ ಇನ್ನೊಂದು ಲ್ಯಾನ್ಸೆಟ್ ಅಧ್ಯಯನ ಹೇಳಿತು.

ಬ್ಯಾಕ್ಟೀರಿಯಾವನ್ನು ಕೊಲ್ಲಲಾಗದಿದ್ದರೆ ಉಳಿಯುವ ದಾರಿ ಯಾವುದು? ಮನೆಗೆ ಬೆಂಕಿ ಇಡುತ್ತಿರುವ ದೇಹದ ಕೈ ಹಿಡಿಯುವುದು. ರೋಗನಿರೋಧಕ ವ್ಯವಸ್ಥೆಯನ್ನು ತಿದ್ದುವ ಮದ್ದುಗಳತ್ತ ಒತ್ತಡ ಹೆಚ್ಚುವುದು ಖಂಡಿತ. ಆ ದಾರಿಗೆ ನಮ್ಮಲ್ಲಿರುವ ನಕ್ಷೆಯನ್ನು ಬಹುಪಾಲು ಬರೆದುಕೊಟ್ಟದ್ದು ಪಂಜರದ ಇಲಿ. ನನ್ನ ಭಯ ಅದರ ಬಗ್ಗೆ.

ಆ ಇಲಿ ಎಂಥದ್ದೆಂದು ನೋಡಿ. ವಯಸ್ಸು ಎಂಟರಿಂದ ಹನ್ನೆರಡು ವಾರ, ಅಂದರೆ ಏರುಯೌವನ. ತಲೆಮಾರುಗಟ್ಟಲೆ ಒಂದೇ ಸಂತಾನದೊಳಗೆ ಕೂಡಿಸಿ ಬೆಳೆಸಿದ್ದರಿಂದ ಎಲ್ಲವೂ ಅವಳಿ-ಜವಳಿಗಳಿದ್ದಂತೆ. ಸೋಸಿದ ಗಾಳಿ, ಕ್ರಿಮಿಶುದ್ಧ ಮಾಡಿದ ಆಹಾರ. ಸಕ್ಕರೆ ಕಾಯಿಲೆಯಿಲ್ಲ, ಬಿಪಿಯಿಲ್ಲ, ಹಿಂದೆ ಒಂದು ನೆಗಡಿ ಬಂದ ನೆನಪೂ ಅದರ ರಕ್ತದಲ್ಲಿಲ್ಲ. ಇಲಿಗೆ ಹಿತವಾದ ತಾಪಮಾನ 30 ಡಿಗ್ರಿಯ ಹತ್ತಿರ, ಇಡುವುದು ನಮಗೆ ಹಿತವಾದ 22ರಲ್ಲಿ. ಹಾಗಾಗಿ ಅದು ಸದಾ ಮೈ ಬೆಚ್ಚಗಿಟ್ಟುಕೊಳ್ಳುವುದರಲ್ಲೇ ಶಕ್ತಿ ಕಳೆಯುತ್ತಿರುತ್ತದೆ. ಮನುಷ್ಯನ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್‌ಗಳದ್ದೇ ಬಹುಮತ, ಇಲಿಯಲ್ಲಿ ಲಿಂಫೋಸೈಟ್‌ಗಳದ್ದು.

ಇಂಥ ಇಲಿಗೆ ಸೆಪ್ಸಿಸ್ ಬರಿಸುವ ಸುಲಭದ ವಿಧಾನ ಬ್ಯಾಕ್ಟೀರಿಯಾದ ಹೊರಕವಚದ ವಿಷವಾದ ಎಂಡೋಟಾಕ್ಸಿನ್ ಚುಚ್ಚುವುದು. ಇಲಿಯನ್ನು ಕೊಲ್ಲಲು ಮೈತೂಕದ ಕಿಲೋಗೆ ಹಲವು ಮಿಲಿಗ್ರಾಂ ಬೇಕು. ಮನುಷ್ಯನಿಗೆ ಜ್ವರ, ನಡುಕ ಬರಿಸಲು ಕಿಲೋಗೆ ನಾಲ್ಕು ನ್ಯಾನೋಗ್ರಾಂ ಸಾಕು. ಸಾವಿನ ಲೆಕ್ಕವನ್ನು ಜ್ವರದ ಲೆಕ್ಕಕ್ಕೆ ಹೋಲಿಸುವುದು ನ್ಯಾಯವಲ್ಲ ಎನ್ನುವವರಿಗೆ ಇನ್ನೊಂದು ನಿದರ್ಶನವಿದೆ. ಪ್ರಯೋಗಾಲಯದ ಕೆಲಸಗಾರರೊಬ್ಬರು ಎಂಡೋಟಾಕ್ಸಿನ್ನನ್ನು ತಾವೇ ಚುಚ್ಚಿಕೊಂಡದ್ದು 1993ರಲ್ಲಿ ವರದಿಯಾಯಿತು. ಇಡೀ ದೇಹಕ್ಕೆ ಒಂದೇ ಮಿಲಿಗ್ರಾಂ. ಬಿಪಿ ಕುಸಿದು ಹಲವು ಅಂಗಗಳು ತತ್ತರಿಸಿದವು, ಐಸಿಯು ಇದ್ದದ್ದರಿಂದ ಬದುಕಿಕೊಂಡರು. ಇನ್ನೊಂದು ವಿಧಾನದಲ್ಲಿ ದೊಡ್ಡ ಕರುಳಿನ ಆರಂಭದ ಚೀಲವನ್ನು ದಾರದಿಂದ ಬಿಗಿದು, ಸೂಜಿಯಿಂದ ತೂತು ಮಾಡಿ, ಮಲ ಹೊಟ್ಟೆಯೊಳಗೆ ಸೋರುವಂತೆ ಬಿಡುತ್ತಾರೆ. 1980ರಿಂದ ಬಂದ ಈ ಪದ್ಧತಿ ಕರುಳು ಒಡೆದ ರೋಗಿಗೆ ಎಷ್ಟೋ ಹತ್ತಿರ. ಆದರೆ ಆ ರೋಗಿಗೆ ಆಪರೇಷನ್ ಆಗುತ್ತದೆ, ಡ್ರಿಪ್ ಹಾಕುತ್ತಾರೆ, ಆ್ಯಂಟಿಬಯೋಟಿಕ್ ಕೊಡುತ್ತಾರೆ, ವೆಂಟಿಲೇಟರ್ ಇಡುತ್ತಾರೆ. ಇಲಿಗೆ ಬಹಳಷ್ಟು ಪ್ರಯೋಗಗಳಲ್ಲಿ ಇದಾವುದೂ ಇಲ್ಲ.

ನಮ್ಮ ವಾರ್ಡಿಗೆ ಬನ್ನಿ. ಅರವತ್ತೈದು ವರ್ಷ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಮೊದಲ ದಿನ ಮೆಡಿಕಲ್ ಶಾಪಿನ ಮಾತ್ರೆ, ಎರಡನೇ ದಿನ ಊರಿನ ನರ್ಸಿಂಗ್ ಹೋಮ್, ಮೂರನೇ ದಿನ ರಾತ್ರಿ ಜಿಲ್ಲಾ ಆಸ್ಪತ್ರೆ. ಯೌವನದ, ಶುದ್ಧ, ಚಿಕಿತ್ಸೆಯೇ ಸಿಗದ ಇಲಿಯ ಮೇಲೆ ಗೆದ್ದ ಮದ್ದು ಈ ಮನುಷ್ಯನ ಮೇಲೆ ಗೆಲ್ಲಬೇಕೆನ್ನುವುದು ದುರಾಸೆ.

ಹಾಗೆಂದು ಇಲಿಯನ್ನು ಸುಳ್ಳುಗಾರ ಎನ್ನಲಾರೆ. ‘ಸಿ3ಎಚ್/ಹೆಚ್‌ಇಜೆ’ ಎಂಬ ಒಂದು ತಳಿಯ ಇಲಿಗೆ ಎಂಡೋಟಾಕ್ಸಿನ್ ಎಷ್ಟು ಚುಚ್ಚಿದರೂ ನಾಟುತ್ತಿರಲಿಲ್ಲ. ಬ್ರೂಸ್ ಬಾಯ್ಟ್ಲರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅದರ ವಂಶವಾಹಿಗಳನ್ನು ಜಾಲಾಡಿ, 1998ರಲ್ಲಿ ಟಿಎಲ್‌ಆರ್-4 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಹಿಡಿದರು. ಬ್ಯಾಕ್ಟೀರಿಯಾ ಬಂತೆಂದು ದೇಹಕ್ಕೆ ತಿಳಿಸುವ ಕಾವಲುಗಾರ ಸಿಕ್ಕಿದ. ಅದಕ್ಕೆ 2011ರ ನೊಬೆಲ್‌ನಲ್ಲಿ ಪಾಲೂ ಸಿಕ್ಕಿತು. ಕಾವಲುಗಾರನ ಬಾಯಿ ಕಟ್ಟಿದರೆ ಸೆಪ್ಸಿಸ್ ನಿಲ್ಲಬಹುದೆಂದು ಎರಿಟೋರಾನ್ ಎಂಬ ಮದ್ದು ಬಂತು. 1,961 ರೋಗಿಗಳ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಿತ್ತು. 28 ದಿನದೊಳಗೆ ಮದ್ದು ಪಡೆದವರಲ್ಲಿ ಶೇ 28.1, ಪಡೆಯದವರಲ್ಲಿ ಶೇ 26.9 ಮಂದಿ ತೀರಿಕೊಂಡಿದ್ದರು. ನಯಾಪೈಸೆ ಲಾಭವಿಲ್ಲ. ತಮಾಷೆಯೆಂದರೆ ಆ ಎಚ್ಚರಿಕೆಯನ್ನೂ ಅದೇ ಇಲಿ ಮೊದಲೇ ಕೊಟ್ಟಿತ್ತು. ವಿಷಕ್ಕೆ ಜಗ್ಗದ ಆ ತಳಿ, ಬೇರೆ ಇಲಿಗಳು ತಡೆದುಕೊಳ್ಳುವಷ್ಟು ಜೀವಂತ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಬಲಿಯಾಗುತ್ತಿತ್ತು. ಕಾವಲುಗಾರ ಮೂಕನಾದರೆ ಮನೆಯಲ್ಲಿ ಗದ್ದಲವಿರುವುದಿಲ್ಲ, ಕಳ್ಳನೂ ಸಲೀಸಾಗಿ ನುಗ್ಗುತ್ತಾನೆ.

ಅದಕ್ಕೂ ಹಿಂದೆ ಸೆಂಟಾಕ್ಸಿನ್ ಎಂಬ ಪ್ರತಿಕಾಯ ಯುರೋಪಿನಲ್ಲಿ ಮಾರಾಟಕ್ಕೇ ಬಂದಿತ್ತು. ನಾಯಿಗಳ ಮೇಲಿನ ಪ್ರಯೋಗದಲ್ಲಿ ಅದು ಸಾವನ್ನು ಹೆಚ್ಚಿಸಿತ್ತು, ಮನುಷ್ಯರ ಪ್ರಯೋಗದಲ್ಲೂ ಸಾವು ಹೆಚ್ಚುವ ಸೂಚನೆ ಕಂಡು 1993ರ ಜನವರಿಯಲ್ಲಿ ಹಿಂತೆಗೆದರು. ಜೈಗ್ರಿಸ್ ಎಂಬ ಇನ್ನೊಂದು ದುಬಾರಿ ಔಷಧದ ಬೇರೂ ಬಬೂನ್ ಪ್ರಯೋಗದಲ್ಲಿತ್ತು. 2001ರಲ್ಲಿ ಅಮೆರಿಕದ ಒಪ್ಪಿಗೆ, ಹತ್ತು ವರ್ಷ ಬಳಕೆ, 2011ರಲ್ಲಿ ಮರುಪರೀಕ್ಷೆಯಲ್ಲಿ ಸೋಲು, ವಾಪಸು.

ಇಷ್ಟರ ನಡುವೆ ವಿಜ್ಞಾನಿಗಳು ಒಂದೇ ರಾಶಿ ಅಂಕಿಅಂಶಕ್ಕೆ ಜಗಳವಾಡಿದರು. ಉರಿಯೂತದಲ್ಲಿ ಇಲಿಯ ಜೀನುಗಳ ವರ್ತನೆಗೂ ಮನುಷ್ಯನದಕ್ಕೂ ಸಂಬಂಧ ಸೊನ್ನೆಗೆ ಹತ್ತಿರ ಎಂದು ಅಮೆರಿಕದ ದೊಡ್ಡ ತಂಡವೊಂದು 2013ರಲ್ಲಿ ಬರೆದರೆ, ಅದೇ ಅಂಕಿಗಳನ್ನು ಬೇರೆ ರೀತಿ ಜರಡಿ ಹಿಡಿದ ಜಪಾನಿನ ಇಬ್ಬರು ಹೋಲಿಕೆ ಭರ್ಜರಿಯಾಗಿದೆ ಎಂದರು. ಎರಡೂ ಒಂದೇ ಪತ್ರಿಕೆಯಲ್ಲಿ! ಇಬ್ಬರೂ ‘ಇಲಿ’ ಎಂಬ ಒಂದೇ ಪದದಡಿ ಎಲ್ಲ ಇಲಿಗಳನ್ನೂ ತುಂಬಿದ್ದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಯಾವ ಇಲಿ ಎಂದು ಕೇಳಿದವರು ಬೇರೆಯವರು.

2016ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದ ಇಲಿಗಳ ಜೊತೆ ಸಾಕುಪ್ರಾಣಿ ಅಂಗಡಿಯಿಂದ ತಂದ ಕೊಳಕು ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟರು. ಶುದ್ಧ ಇಲಿಗಳಲ್ಲಿ ಐದಕ್ಕೊಂದರಷ್ಟು ಸತ್ತೇಹೋದವು. ಉಳಿದವುಗಳ ರಕ್ಷಣಾ ಕೋಶಗಳನ್ನು ನೋಡಿದಾಗ ಅಚ್ಚರಿ ಕಾದಿತ್ತು. ಮೊದಲು ಅವು ಮನುಷ್ಯನ ನವಜಾತ ಶಿಶುವಿನ ಕೋಶಗಳನ್ನು ಹೋಲುತ್ತಿದ್ದವು, ಈಗ ವಯಸ್ಕನವನ್ನು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸ್ಟೆಫಾನ್ ರೋಸ್‌ಹಾರ್ಟ್ ಮತ್ತಿತರರು ಇನ್ನೂ ಮುಂದೆ ಹೋದರು. ಪ್ರಯೋಗಾಲಯದ ತಳಿಯ ಭ್ರೂಣವನ್ನು ಕಾಡು ಇಲಿಯ ಗರ್ಭಕ್ಕೆ ಹಾಕಿ ಹೆರಿಸಿದರು. ಜೀನು ಲ್ಯಾಬಿನದ್ದು, ಮೈತುಂಬ ಸೂಕ್ಷ್ಮಜೀವಿ ಕಾಡಿನದ್ದು. ಆಮೇಲೆ ಮನುಷ್ಯರಲ್ಲಿ ಸೋತಿದ್ದ ಎರಡು ಔಷಧಗಳನ್ನು ಅವುಗಳ ಮೇಲೆ ಪರೀಕ್ಷಿಸಿದರು. ಒಂದು, ಟಿಎನ್‌ಎಫ್ ತಡೆ. ಇನ್ನೊಂದು, 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಕೆಲವೇ ಗಂಟೆಗಳಲ್ಲಿ ಐಸಿಯುಗೆ ತಳ್ಳಿದ ಟಿಜಿಎನ್1412 ಪ್ರತಿಕಾಯದ ಮಾದರಿಯದು. ಲಂಡನ್ನಿನಲ್ಲಿ ಕೊಟ್ಟದ್ದು ಕೋತಿಗಳಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣದ 500ರಲ್ಲಿ ಒಂದು ಭಾಗ. ಶುದ್ಧ ಇಲಿಗಳು ಎರಡೂ ಮದ್ದಿಗೆ ಎಂದಿನಂತೆ ಸೈ ಎಂದವು. ಕಾಡುತಾಯಿಯ ಮಕ್ಕಳು ಮನುಷ್ಯರು ಕೊಟ್ಟ ಉತ್ತರವನ್ನೇ ಕೊಟ್ಟವು: ಟಿಎನ್‌ಎಫ್ ತಡೆದರೂ ಸಾವು ತಪ್ಪಲಿಲ್ಲ, ಇನ್ನೊಂದಕ್ಕೆ ಉರಿಯೂತ ಎದ್ದಿತು.

ಇದು ಗೊತ್ತಾಗಿಯೂ ಬಹುಪಾಲು ಸೆಪ್ಸಿಸ್ ಸಂಶೋಧನೆ ಹಳೆಯ ಗೂಡಿನಲ್ಲೇ ಇದೆ. ಶುದ್ಧ ಇಲಿ ಅಗ್ಗ, ಫಲಿತಾಂಶ ಬೇಗ. 2017ರಲ್ಲಿ ವಿಯೆನ್ನಾದಲ್ಲಿ ಸೇರಿದ ತಜ್ಞರು ಕನಿಷ್ಠ ಗುಣಮಟ್ಟದ ನಿಯಮಗಳನ್ನು ಬರೆದರು. ರೋಗ ಶುರುವಾದ ಮೇಲೆಯೇ ಮದ್ದು ಕೊಡಿ, ಆ್ಯಂಟಿಬಯೋಟಿಕ್ ಮತ್ತು ಡ್ರಿಪ್ ಕೊಡಿ, ವಯಸ್ಸಾದ ಹಾಗೂ ಬೇರೆ ಕಾಯಿಲೆಯಿರುವ ಪ್ರಾಣಿಗಳನ್ನೂ ಬಳಸಿ ಎಂದು. ಎಲ್ಲವೂ ಸಲಹೆ, ಕಡ್ಡಾಯವಲ್ಲ.

ಇನ್ನೊಂದು ಗಾಳಿಯೂ ಬೀಸುತ್ತಿದೆ. 2022ರ ಕೊನೆಗೆ ಅಮೆರಿಕ, 2023ರಲ್ಲಿ ಭಾರತ ತಮ್ಮ ನಿಯಮ ತಿದ್ದಿ, ಹೊಸ ಮದ್ದಿನ ಪರೀಕ್ಷೆಗೆ ಪ್ರಾಣಿಯ ಬದಲು ಚಿಪ್‌ನ ಮೇಲೆ ಬೆಳೆಸಿದ ಮಾನವ ಕೋಶ, ಕಂಪ್ಯೂಟರ್ ಮಾದರಿಗಳನ್ನೂ ಒಪ್ಪಿಕೊಂಡವು. ಪ್ರಾಣಿಗಳ ನೋವು ಕಂಡವರಿಗೆ ಇದು ಸಮಾಧಾನ, ನನಗೂ. ಆದರೆ ಚಿಪ್‌ಗೆ ಬಿಪಿ ಕುಸಿಯುವುದಿಲ್ಲ. ಕರುಳಿನ ಸೋಂಕು ಕಿಡ್ನಿಯನ್ನು ಕೆಡಿಸಿ, ಕೆಟ್ಟ ಕಿಡ್ನಿ ಹೃದಯವನ್ನು ಎಳೆದು ಬೀಳಿಸುವ ಸರಪಳಿ ಅದರಲ್ಲಿ ಇಡಿಯಾಗಿ ಕಾಣದು. ಸೆಪ್ಸಿಸ್‌ನ ಮಟ್ಟಿಗೆ ಇಲಿಯನ್ನು ಇವತ್ತೇ ಕೈಬಿಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಅಪಾಯ ಎಲ್ಲಿ ಹೆಚ್ಚೆಂದರೆ, ರೋಗಿಯ ಸ್ಥಿತಿ ದಿನದಿನಕ್ಕೆ ತಿರುಗುವುದರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನ ರಿಚರ್ಡ್ ಹಾಚ್‌ಕಿಸ್ ತಂಡ ಸೆಪ್ಸಿಸ್‌ನಿಂದ ಸತ್ತ 40 ರೋಗಿಗಳ ಅಂಗಾಂಶಗಳನ್ನು ಸತ್ತ ಕೆಲವೇ ಹೊತ್ತಿನಲ್ಲಿ ತೆಗೆದು ನೋಡಿ 2011ರಲ್ಲಿ ಬರೆಯಿತು. ಗುಲ್ಮದ ರಕ್ಷಣಾ ಕೋಶಗಳು ಉಗ್ರವಾಗಿ ಕಾದಾಡುತ್ತಿರಲಿಲ್ಲ, ದಣಿದು ಕೈಚೆಲ್ಲಿದ್ದವು. ಅಂಥವರಿಗೆ ಉರಿಯೂತ ತಡೆಯುವ ಮದ್ದು ಕೊಟ್ಟರೆ ಬಿದ್ದವನ ಮೇಲೆ ಕಲ್ಲು ಹೇರಿದಂತೆ. ಚುಚ್ಚಿದ ಎರಡನೇ ದಿನಕ್ಕೇ ಸತ್ತುಹೋಗುವ ಇಲಿ ಇಂಥ ತಡವಾದ ಸೋಲನ್ನು ತೋರಿಸುವುದಾದರೂ ಹೇಗೆ? ವಿಟಮಿನ್ ಸಿಯಂಥ ನಿರುಪದ್ರವಿ ಎನಿಸುವ ವಸ್ತುವೂ ಇಲಿಗಳಲ್ಲಿ ಮೆಚ್ಚುಗೆ ಪಡೆದು, 2022ರಲ್ಲಿ ಪ್ರಕಟವಾದ 872 ರೋಗಿಗಳ ಪ್ರಯೋಗದಲ್ಲಿ ಸಾವು ಅಥವಾ ವಾಸಿಯಾಗದ ಅಂಗವೈಫಲ್ಯವನ್ನು ಶೇ 38.5ರಿಂದ 44.5ಕ್ಕೆ ಏರಿಸಿತು.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಖಾಲಿ ಜಾಗವಿದೆ. ಜಗತ್ತಿನ ಸೆಪ್ಸಿಸ್ ರೋಗಿಗಳಲ್ಲಿ 2 ಕೋಟಿಗೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 13,530 ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನದಲ್ಲಿ ಮುಂದಿದ್ದದ್ದು ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಅದರಲ್ಲಿ ಶೇ 82 ಹಲವು ಮದ್ದುಗಳಿಗೆ ಬಗ್ಗದವು. ಲ್ಯಾಬಿನ ಇಲಿಗೆ ಚುಚ್ಚುವುದು ಬಹುತೇಕ ಪಳಗಿದ ಇ-ಕೋಲಿ. ನಮ್ಮ ವಾರ್ಡಿನ ಬ್ಯಾಕ್ಟೀರಿಯಾ, ನಮ್ಮ ಎಳೆಗೂಸಿನ ವಯಸ್ಸಿಗೆ ಹೊಂದುವ ಪ್ರಾಣಿಮಾದರಿ ಕಟ್ಟಲು ಹೊರಗಿನವರಿಗೆ ಅವಸರವಿಲ್ಲ. ನಾವೇ ಕಟ್ಟಬೇಕು.

ಮುಂದಿನ ಹತ್ತು ವರ್ಷದಲ್ಲಿ ಯಾವುದೋ ಐಸಿಯು ಬಾಗಿಲಲ್ಲಿ, ರಾತ್ರಿ ಎರಡು ಗಂಟೆಗೆ, ಒಬ್ಬ ಮಗನ ಅಥವಾ ಸೊಸೆಯ ಕೈಗೆ ಹೊಸ ಮದ್ದಿನ ಪ್ರಯೋಗಕ್ಕೆ ಒಪ್ಪಿಗೆಪತ್ರ ಬರುತ್ತದೆ. ಪ್ರಾಣಿಗಳಲ್ಲಿ ಇದು ಒಳ್ಳೆಯ ಫಲ ಕೊಟ್ಟಿದೆ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಅವರು ಪ್ರಶ್ನೆ ಕೇಳಲಾರರು. ಅವರ ಪರವಾಗಿ ಆಸ್ಪತ್ರೆಯ ನೈತಿಕ ಸಮಿತಿ ಅದಕ್ಕೂ ತಿಂಗಳುಗಳ ಮೊದಲೇ ಕೇಳಿರಬೇಕು: ಎಷ್ಟು ವಯಸ್ಸಿನ ಪ್ರಾಣಿ, ಎಂಥ ಗೂಡಿನಲ್ಲಿ ಬೆಳೆದದ್ದು, ಮದ್ದು ಕೊಟ್ಟದ್ದು ರೋಗಕ್ಕೆ ಮೊದಲೋ ಆಮೇಲೋ, ಜೊತೆಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೋ ಇಲ್ಲವೋ, ಎಷ್ಟನೇ ದಿನದವರೆಗೆ ಲೆಕ್ಕ ಇಟ್ಟರು.