ಆಕಾಶಗಂಗೆಯ ಮೂಲ

ಸಹ್ಯಾದ್ರಿಯ ಮಡಿಲಿನಲ್ಲಿರುವ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಸೀಮೆಯಲ್ಲಿ ಮಳೆಗಾಲವೆಂದರೆ ಆಕಾಶಕ್ಕೆ ಮುಸುಕು ಬಿದ್ದಂತೆಯೇ ಸರಿ. ತಿಂಗಳುಗಟ್ಟಲೆ ನಕ್ಷತ್ರಗಳ ಸುಳಿವೇ ಇರುವುದಿಲ್ಲ. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆಗೆದು, ಗಾಳಿ ತಿಳಿಯಾಗಿ, ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ಆರಂಭವಾಗುತ್ತದೆ. ಆಗ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ದೀಪಗಳನ್ನು ಆರಿಸಿ ತಲೆಯೆತ್ತಿದವರಿಗೆ ವಾಯವ್ಯದಿಂದ ಪೂರ್ವದವರೆಗೆ ಹರಡಿದ ಮಸುಕಾದ ಬೆಳ್ಳಿಯ ಪಟ್ಟಿಯೊಂದು ಗೋಚರಿಸುತ್ತದೆ. ಅದನ್ನೇ ನಮ್ಮ ಹಿರಿಯರು ಆಕಾಶಗಂಗೆ ಎಂದು ಕರೆದರು.

ಈ ನಾಡಿನ ಜನರಿಗೆ ಆಕಾಶದ ಪರಿಚಯ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ದಡದ ಮೇಲೆ ಹದಿನಾಲ್ಕನೆಯ ಶತಮಾನದಲ್ಲಿ ನಿರ್ಮಾಣವಾದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳಿವೆ. ಆಯಾ ಮಾಸದಲ್ಲಿ ಸೂರ್ಯಕಿರಣವು ಆಯಾ ರಾಶಿಯ ಕಂಬದ ಮೇಲೆ ಬೀಳುವಂತೆ ಅವನ್ನು ನಿಲ್ಲಿಸಲಾಗಿದೆಯೆಂಬುದು ಪ್ರತೀತಿ. ಸೂರ್ಯನು ರಾಶಿಯಿಂದ ರಾಶಿಗೆ ಸಾಗುವುದನ್ನು ಅಂದಿನವರು ಎಚ್ಚರಿಕೆಯಿಂದ ಗಮನಿಸಿದ್ದರು. ಆದರೆ ರಾಶಿಗಳ ಹಿಂದೆ ಹರಡಿರುವ ಆ ಬೆಳ್ಳಿಯ ಹೊಳೆ ಯಾವುದರಿಂದಾದುದು? ಅದು ಎಂದು ಹುಟ್ಟಿತು? ತುಂಗಾ ಭದ್ರೆಯರಿಗೆ ಗಂಗಾಮೂಲವಿರುವಂತೆ ಆಕಾಶದ ಗಂಗೆಗೂ ಒಂದು ಮೂಲವುಂಟೆ? ಈ ಪ್ರಶ್ನೆಗಳಿಗೆ ಉತ್ತರ ದೊರೆಯತೊಡಗಿ ಇನ್ನೂ ಬಹಳ ಕಾಲವಾಗಿಲ್ಲ.

ಆಕಾಶಗಂಗೆಯು ಹೊಳೆಯಲ್ಲ, ಮೋಡವೂ ಅಲ್ಲ. ಅದು ನಕ್ಷತ್ರಗಳ ಸಮೂಹ. ಸಾವಿರಾರು ಕೋಟಿ ನಕ್ಷತ್ರಗಳು, ಅವುಗಳ ನಡುವಣ ಅನಿಲ ಮತ್ತು ಧೂಳು ಪರಸ್ಪರ ಗುರುತ್ವಾಕರ್ಷಣೆಯಿಂದ ಬಂಧಿತವಾಗಿ ಒಂದು ಮಹಾಕುಟುಂಬವಾಗಿ ನಿಂತಿವೆ. ಇಂತಹ ಕುಟುಂಬಕ್ಕೆ ಗೆಲಾಕ್ಸಿ ಎಂದು ಹೆಸರು. ನಮ್ಮ ಗೆಲಾಕ್ಸಿಯು ಚಪ್ಪಟೆಯಾದ ತಟ್ಟೆಯ ಆಕಾರದಲ್ಲಿದೆ. ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆಳಕು ತಲುಪಲು ಸುಮಾರು 1 ಲಕ್ಷ ವರ್ಷ ಬೇಕು. ಸೂರ್ಯನು ಅದರ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿರುವ ಒಬ್ಬ ಸಾಮಾನ್ಯ ಸದಸ್ಯ. ತಟ್ಟೆಯ ಒಳಗೇ ಇರುವುದರಿಂದ ಅದರ ಅಂಚನ್ನು ಮಾತ್ರ ನಾವು ಕಾಣಬಲ್ಲೆವು. ಆ ಅಂಚೇ ನಮಗೆ ಬೆಳ್ಳಿಯ ಪಟ್ಟಿಯಾಗಿ ತೋರುತ್ತದೆ.

ಇಂತಹ ಸಮೂಹ ಒಂದೇ ಅಲ್ಲ. ನವೆಂಬರ್ ತಿಂಗಳಿನಲ್ಲಿ ರಾತ್ರಿ ಹತ್ತು ಗಂಟೆಯ ಸುಮಾರಿಗೆ ನೆತ್ತಿಯಿಂದ ತುಸು ಉತ್ತರಕ್ಕೆ, ದೇವಯಾನಿ ಎಂಬ ನಕ್ಷತ್ರಪುಂಜದಲ್ಲಿ, ಬೆರಳಿನಿಂದ ಒರೆಸಿದ ಸುಣ್ಣದಂತೆ ಒಂದು ಮಸುಕು ಕಲೆ ಕಾಣುತ್ತದೆ. ಇದು ನಮ್ಮ ಆಕಾಶಗಂಗೆಯೊಳಗಿನ ಅನಿಲದ ಮೋಡವೆಂದು ಅನೇಕ ವಿಜ್ಞಾನಿಗಳು ಭಾವಿಸಿದ್ದರು. 1923ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಆ ಕಲೆಯಲ್ಲಿ ನಿಯತವಾಗಿ ಮಿಡಿಯುವ ನಕ್ಷತ್ರವೊಂದನ್ನು ಗುರುತಿಸಿದನು. ಇಂತಹ ನಕ್ಷತ್ರದ ಮಿಡಿತದ ಅವಧಿಯಿಂದ ಅದರ ನಿಜವಾದ ಕಾಂತಿಯನ್ನು ಅರಿಯಬಹುದೆಂದು ಹೆನ್ರಿಯೆಟಾ ಲೆವಿಟ್ ಎಂಬ ವಿದುಷಿ 1912ರಲ್ಲಿಯೇ ತೋರಿಸಿದ್ದಳು. ಆ ನಿಯಮದಿಂದ ದೂರವನ್ನು ಗಣಿಸಿದಾಗ ದೇವಯಾನಿಯ ಕಲೆಯು ನಮ್ಮ ಗೆಲಾಕ್ಸಿಯ ಎಲ್ಲೆಯನ್ನು ಮೀರಿ ಬಹುದೂರದಲ್ಲಿರುವ ಇನ್ನೊಂದು ಗೆಲಾಕ್ಸಿ ಎಂದು ಸಿದ್ಧವಾಯಿತು. ಇಂದಿನ ಗಣನೆಯಂತೆ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಅಂದರೆ ಇಂದು ನಮ್ಮ ಕಣ್ಣನ್ನು ಮುಟ್ಟುವ ಅದರ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಮಾನವನ ಪೂರ್ವಜರು ಕಲ್ಲಿನ ಆಯುಧಗಳನ್ನು ಮಾಡಲು ಆಗತಾನೇ ಕಲಿಯುತ್ತಿದ್ದರು.

ಈ ಸಂಗತಿಯಲ್ಲಿ ಒಂದು ಮಹತ್ತರವಾದ ಅನುಕೂಲವಿದೆ. ಬೆಳಕಿಗೆ ಪಯಣಿಸಲು ಕಾಲ ಬೇಕಾದುದರಿಂದ ದೂರವನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದೆಂದೇ ಅರ್ಥ. ಕಾಡಿನಲ್ಲಿ ಒಂದು ದಿನ ಸುತ್ತಾಡಿದವನು ಒಂದು ಮರ ಬೆಳೆಯುವುದನ್ನು ಕಾಣಲಾರನು. ಆದರೆ ಮೊಳಕೆ, ಸಸಿ, ಹೆಮ್ಮರ ಮತ್ತು ಉರುಳಿದ ಕಾಂಡ ಇವೆಲ್ಲವನ್ನೂ ಕಂಡು ಮರದ ಜೀವನಕಥೆಯನ್ನು ಊಹಿಸಬಲ್ಲನು. ಹಾಗೆಯೇ ವಿಜ್ಞಾನಿಗಳು ಬೇರೆ ಬೇರೆ ದೂರದ ಗೆಲಾಕ್ಸಿಗಳನ್ನು ನೋಡಿ ಅವುಗಳ ಬಾಲ್ಯ, ಯೌವನ ಮತ್ತು ಮುಪ್ಪನ್ನು ಜೋಡಿಸಿದ್ದಾರೆ.

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಆರಂಭದಲ್ಲಿ ಅದು ಅತ್ಯಂತ ಸಾಂದ್ರವೂ ಉಷ್ಣವೂ ಆಗಿದ್ದು, ಹಿಗ್ಗುತ್ತ ಹಿಗ್ಗುತ್ತ ತಣಿಯಿತು. ಸುಮಾರು 3 ಲಕ್ಷ 80 ಸಾವಿರ ವರ್ಷಗಳಾದಾಗ ಪರಮಾಣುಗಳು ರೂಪುಗೊಂಡು ಬೆಳಕು ತಡೆಯಿಲ್ಲದೆ ಸಾಗತೊಡಗಿತು. ಆ ಪುರಾತನ ಬೆಳಕು ಇಂದಿಗೂ ಕ್ಷೀಣವಾದ ರೇಡಿಯೋ ಅಲೆಗಳ ರೂಪದಲ್ಲಿ ದಿಕ್ಕುದಿಕ್ಕುಗಳಿಂದ ಬರುತ್ತಿದೆಯೆಂಬುದು 1965ರಲ್ಲಿ ಪ್ರಕಟವಾಯಿತು. ಅಂದು ವಿಶ್ವದಲ್ಲಿ ನಕ್ಷತ್ರಗಳಿರಲಿಲ್ಲ. ಜಲಜನಕ ಮತ್ತು ಹೀಲಿಯಂ ಅನಿಲಗಳು ಬೆಳಗಿನ ಜಾವದ ಮಂಜಿನಂತೆ ಬಹುಮಟ್ಟಿಗೆ ಸಮವಾಗಿ ಎಲ್ಲೆಡೆ ಹರಡಿದ್ದವು.

ಹೀಗೆ ಸಮವಾಗಿದ್ದ ಅನಿಲವು ಗುಂಪುಗೂಡಿದ್ದು ಹೇಗೆ? ಮಲೆನಾಡಿನಲ್ಲಿ ಮಳೆಯು ಗುಡ್ಡದ ಮೇಲೂ ಕಣಿವೆಯ ಮೇಲೂ ಒಂದೇ ಸಮನೆ ಸುರಿಯುತ್ತದೆ. ಆದರೆ ಬಿದ್ದ ನೀರು ಗುಡ್ಡದ ಮೇಲೆ ನಿಲ್ಲದೆ ತಗ್ಗನ್ನು ಹುಡುಕಿಕೊಂಡು ಹರಿದು ಹಳ್ಳವಾಗುತ್ತದೆ, ಹೊಳೆಯಾಗುತ್ತದೆ. ವಿಶ್ವದಲ್ಲಿಯೂ ಇಂತಹ ತಗ್ಗುಗಳಿದ್ದವು. ಅವನ್ನು ತೋಡಿದ್ದು ಬೆಳಕನ್ನು ಬೀರದ, ಬೆಳಕನ್ನು ತಡೆಯದ, ಗುರುತ್ವಾಕರ್ಷಣೆಯಿಂದ ಮಾತ್ರವೇ ತನ್ನ ಇರುವನ್ನು ತಿಳಿಸುವ ಒಂದು ವಿಚಿತ್ರ ದ್ರವ್ಯ. ಇದಕ್ಕೆ ಕೃಷ್ಣದ್ರವ್ಯವೆಂದು ಹೆಸರು. ಕಣ್ಣಿಗೆ ಕಾಣುವ ನಕ್ಷತ್ರಗಳ ತೂಕದಿಂದಷ್ಟೇ ಗೆಲಾಕ್ಸಿಗಳ ಹೊರಭಾಗವು ಅಷ್ಟು ವೇಗವಾಗಿ ತಿರುಗಲಾರದೆಂದು 1970ರ ದಶಕದಲ್ಲಿ ವೀರಾ ರೂಬಿನ್ ಮತ್ತು ಆಕೆಯ ಸಹೋದ್ಯೋಗಿಗಳು ತೋರಿಸಿದ ಬಳಿಕ ಈ ದ್ರವ್ಯದ ವಿಚಾರ ಬಲಗೊಂಡಿತು. ಸಾಮಾನ್ಯ ದ್ರವ್ಯಕ್ಕಿಂತ ಅದು ಸುಮಾರು ಐದು ಪಟ್ಟು ಹೆಚ್ಚಿದೆ. ಅದು ಎಲ್ಲಿ ತುಸು ಹೆಚ್ಚು ಸಾಂದ್ರವಾಗಿತ್ತೋ ಅಲ್ಲಿಗೆ ಅನಿಲವು ಹರಿದುಬಂದು ಕೂಡಿಕೊಂಡಿತು, ಕುಗ್ಗಿತು, ಕೊನೆಗೆ ಅದರ ಒಡಲಿನಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ವಿಶ್ವಕ್ಕೆ 10 ರಿಂದ 20 ಕೋಟಿ ವರ್ಷ ವಯಸ್ಸಾದಾಗ ಇದು ನಡೆಯಿತೆಂದು ಭಾವಿಸಲಾಗಿದೆ. ಈ ಘಟ್ಟವನ್ನು ವಿಶ್ವದ ಅರುಣೋದಯವೆಂದು ಕರೆಯುವುದುಂಟು.

ಈ ಅರುಣೋದಯದ ಸುಳಿವನ್ನು ಅರಸುವ ಕಾರ್ಯದಲ್ಲಿ ಕರ್ನಾಟಕದ ನೀರಿಗೂ ಒಂದು ಪಾತ್ರ ದೊರೆತುದು ಸ್ವಾರಸ್ಯಕರವಾದ ಸಂಗತಿ. ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಸೂಸಬಲ್ಲದು, ಹೀರಲೂಬಲ್ಲದು. ಮೊದಲ ನಕ್ಷತ್ರಗಳ ಬೆಳಕು ಬಿದ್ದಾಗ ಸುತ್ತಲಿನ ತಣ್ಣನೆಯ ಜಲಜನಕವು ಆ ಪುರಾತನ ಬೆಳಕಿನಿಂದ ಈ ಅಲೆಯ ಒಂದು ಪಾಲನ್ನು ಹೀರಿಕೊಂಡಿರಬೇಕು. ವಿಶ್ವವು ಅಂದಿನಿಂದ ಇಂದಿಗೆ ಸುಮಾರು 18 ಪಟ್ಟು ಹಿಗ್ಗಿರುವುದರಿಂದ ಅಲೆಯೂ ಅಷ್ಟೇ ಹಿಗ್ಗಿ ಸುಮಾರು ಮೂರು ಮುಕ್ಕಾಲು ಮೀಟರ್ ಉದ್ದವಾಗಿ ನಮ್ಮನ್ನು ತಲುಪುತ್ತದೆ. ಎಫ್.ಎಂ. ಬಾನುಲಿಯ ಅಲೆಗಳು ಇದಕ್ಕೆ ತೀರ ಸಮೀಪದವು. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ 'ಎಡ್ಜಸ್' ಎಂಬ ಉಪಕರಣವನ್ನಿಟ್ಟು ಶೋಧಿಸುತ್ತಿದ್ದ ಅಮೆರಿಕದ ವಿಜ್ಞಾನಿಗಳು ಈ ಸಂಕೇತ ತಮಗೆ ದೊರೆಯಿತೆಂದು ಸಾರಿದರು. ಆದರೆ ಅದು ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಬಲವಾಗಿತ್ತು. ಅದು ನಿಜವಾದ ಪಕ್ಷದಲ್ಲಿ ಭೌತವಿಜ್ಞಾನದ ಅಂಗೀಕೃತ ತಿಳಿವಳಿಕೆಯನ್ನೇ ತಿದ್ದಬೇಕಾಗುತ್ತಿತ್ತು. ಲೋಕದ ವಿಜ್ಞಾನಿಗಳು ಚಕಿತರಾದರು. ಅನೇಕರು ಹೊಸ ಸಿದ್ಧಾಂತಗಳನ್ನು ಹೊಸೆಯತೊಡಗಿದರು. ಆದರೆ ಮತ್ತೊಬ್ಬರು ಬೇರೆ ಉಪಕರಣದಿಂದ ಅದೇ ಫಲವನ್ನು ಪಡೆಯುವವರೆಗೆ ವಿಜ್ಞಾನವು ಯಾವ ಸಾರಿಕೆಯನ್ನೂ ಪೂರ್ಣವಾಗಿ ಒಪ್ಪಿಕೊಳ್ಳುವುದಿಲ್ಲ.

ಆ ಪರೀಕ್ಷೆಗೆ ಮುಂದಾದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ವಿಜ್ಞಾನಿಗಳು 'ಸರಸ್' ಎಂಬ ರೇಡಿಯೋ ದೂರದರ್ಶಕವನ್ನು ತಾವೇ ರೂಪಿಸಿದ್ದರು. ಅವರಿಗೆ ಎದುರಾದ ಒಂದು ತೊಡಕು ನೆಲ. ಆಂಟೆನಾದ ಕೆಳಗಿನ ಮಣ್ಣು ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣಗಲು. ಒಂದು ಪದರ ಜೇಡಿ, ಇನ್ನೊಂದು ಪದರ ಕಲ್ಲು. ಅದು ರೇಡಿಯೋ ಅಲೆಗಳನ್ನು ಅಸಮವಾಗಿ ಪ್ರತಿಫಲಿಸಿ ಇಲ್ಲದ ಸಂಕೇತವನ್ನು ಇದ್ದಂತೆ ತೋರಿಸಬಹುದು. ನೀರಾದರೋ ಎಲ್ಲೆಡೆಯೂ ಒಂದೇ ಗುಣವುಳ್ಳದ್ದು. ಆದುದರಿಂದ ಅವರು ದೂರದರ್ಶಕವನ್ನು ತೆಪ್ಪದ ಮೇಲೆ ತೇಲಿಬಿಡಲು ನಿಶ್ಚಯಿಸಿದರು. 2020ರ ಆರಂಭದಲ್ಲಿ 'ಸರಸ್-3' ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಅನಂತರ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿತು. ಕೊಪ್ಪ ಸೀಮೆಯ ನೆರೆಯ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೀಗೆ ವಿಶ್ವದ ಮೊದಲ ಬೆಳಕಿನ ಶೋಧಕ್ಕೆ ನೆಲೆಯಾಯಿತು. ಊರುಗಳ ಬಾನುಲಿ ಸದ್ದು ವಿರಳವಾಗಿರುವ ನಿರ್ಜನ ಪ್ರದೇಶವೆಂಬುದೂ ಆ ತಾಣದ ಗುಣವಾಗಿತ್ತು.

ಅರಸುತ್ತಿದ್ದ ಸಂಕೇತವಾದರೋ ಅತಿ ಸೂಕ್ಷ್ಮ. ನಮ್ಮ ಆಕಾಶಗಂಗೆಯೇ ಹೊರಡಿಸುವ ರೇಡಿಯೋ ಅಲೆಗಳು ಅದಕ್ಕಿಂತ ಸಾವಿರಾರು ಪಟ್ಟು ಪ್ರಬಲ. ಜಾತ್ರೆಯ ಗದ್ದಲದ ನಡುವೆ ಪಿಸುಮಾತನ್ನು ಆಲಿಸಿದಂತಹ ಕೆಲಸವದು. ವಿಜ್ಞಾನಿಗಳು ದತ್ತಾಂಶವನ್ನು ಎರಡು ವರ್ಷ ಶೋಧಿಸಿ 2022ರ ಫೆಬ್ರವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ಕಂಡುದೆಂದು ಹೇಳಲಾದ ಸಂಕೇತ ಮಲೆನಾಡಿನ ನೀರಿನ ಮೇಲೆ ಕಾಣಲಿಲ್ಲ. ಅದು ಆಕಾಶದಿಂದ ಬಂದ ಸಂಕೇತವಲ್ಲವೆಂದು ಶೇಕಡ 95.3ರ ವಿಶ್ವಾಸದಿಂದ ಅವರು ತಿಳಿಸಿದರು. 'ಇಲ್ಲ' ಎಂಬ ಈ ಉತ್ತರವೂ ವ್ಯರ್ಥವಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅದೇ ದತ್ತಾಂಶದ ಆಧಾರದಿಂದ, ವಿಶ್ವಕ್ಕೆ 20 ಕೋಟಿ ವರ್ಷವಾಗಿದ್ದಾಗಿನ ರೇಡಿಯೋಪ್ರಬಲ ಗೆಲಾಕ್ಸಿಗಳ ಗುಣಗಳಿಗೆ ಎಲ್ಲೆಯನ್ನು ಗುರುತಿಸಲಾಯಿತು. ಅವು ತಮ್ಮ ಅನಿಲದಲ್ಲಿ ನೂರಕ್ಕೆ ಮೂರು ಪಾಲಿಗಿಂತಲೂ ಕಡಿಮೆಯನ್ನು ನಕ್ಷತ್ರಗಳಾಗಿ ಮಾರ್ಪಡಿಸಿದ್ದವೆಂದು ತಿಳಿದುಬಂದಿತು. ಒಂದು ವಸ್ತು ಕಾಣದಿರುವುದೂ ಜ್ಞಾನವೇ. ಕಂಡೆನೆಂದು ಭ್ರಮಿಸುವುದಕ್ಕಿಂತ ಅದು ಹೆಚ್ಚು ಬೆಲೆಯುಳ್ಳದ್ದು.

ಮೊದಲ ಗೆಲಾಕ್ಸಿಗಳು ಗಾತ್ರದಲ್ಲಿ ಚಿಕ್ಕವು, ಆಕಾರದಲ್ಲಿ ಅಂದಗೇಡಿಗಳು. 2021ರಲ್ಲಿ ಹಾರಿಸಲಾದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವು ವಿಶ್ವಕ್ಕೆ 30 ಕೋಟಿ ವರ್ಷ ತುಂಬುವ ಮೊದಲೇ ಬೆಳಗುತ್ತಿದ್ದ ಗೆಲಾಕ್ಸಿಗಳನ್ನು ಗುರುತಿಸಿದೆ. ಅವು ಒಂದನ್ನೊಂದು ಸೆಳೆದು ಕೂಡಿಕೊಳ್ಳುತ್ತ ದೊಡ್ಡವಾದವು. ತುಂಗೆಯು ಶೃಂಗೇರಿಯನ್ನು ಬಳಸಿ, ಭದ್ರೆಯು ಬಾಳೆಹೊನ್ನೂರನ್ನು ಹಾದು, ಬೇರೆ ಬೇರೆ ಹಾದಿಯಲ್ಲಿ ಸಾಗಿ ಕೂಡಲಿಯಲ್ಲಿ ಒಂದಾಗುವಂತೆ, ಸಣ್ಣ ಗೆಲಾಕ್ಸಿಗಳು ಬೆರೆತು ಮಹಾಗೆಲಾಕ್ಸಿಗಳಾದವು. ನಮ್ಮ ಆಕಾಶಗಂಗೆಯೂ ಸುಮಾರು 1,000 ಕೋಟಿ ವರ್ಷಗಳ ಹಿಂದೆ ಒಂದು ಸಣ್ಣ ಗೆಲಾಕ್ಸಿಯನ್ನು ತನ್ನಲ್ಲಿ ಸೇರಿಸಿಕೊಂಡಿತೆಂಬುದು, ಅಂದು ಬಂದು ಸೇರಿದ ನಕ್ಷತ್ರಗಳ ಚಲನೆಯಿಂದ 2018ರಲ್ಲಿ ತಿಳಿದುಬಂದಿತು. ಅನಿಲವು ಸುತ್ತುತ್ತ ನೆಲೆಗೊಂಡ ಕಡೆ ತಟ್ಟೆಯಾಕಾರದ ಸುರುಳಿ ಗೆಲಾಕ್ಸಿಗಳು ಮೂಡಿದವು. ಸಮಬಲದ ಎರಡು ಗೆಲಾಕ್ಸಿಗಳು ಡಿಕ್ಕಿಯಾದಾಗ ಸುರುಳಿಗಳು ಕದಡಿ ಸಾಮಾನ್ಯವಾಗಿ ಮೊಟ್ಟೆಯಾಕಾರದ ಗೆಲಾಕ್ಸಿಗಳು ಉಂಟಾದವು.

ಸುಮಾರು 1,000 ಕೋಟಿ ವರ್ಷಗಳ ಹಿಂದೆ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಅತ್ಯಂತ ಬಿರುಸಾಗಿತ್ತು. ಇಂದು ಆ ವೇಗ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಆ ಬಿರುಸಿನ ಕಾಲಕ್ಕೆ ಸೇರಿದ ಒಂದು ಗೆಲಾಕ್ಸಿಯಿಂದ ಹೊರಟು 930 ಕೋಟಿ ವರ್ಷ ಪಯಣಿಸಿದ ನೇರಳಾತೀತ ಕಿರಣಗಳನ್ನು ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹವು ಹಿಡಿದುದು 2020ರಲ್ಲಿ ಪ್ರಕಟವಾಯಿತು. ದೊಡ್ಡ ನಕ್ಷತ್ರಗಳು ತಮ್ಮ ಒಡಲಿನಲ್ಲಿ ಇಂಗಾಲ, ಆಮ್ಲಜನಕ, ಕಬ್ಬಿಣಗಳನ್ನು ಬೇಯಿಸಿ, ಕೊನೆಗೆ ಸಿಡಿದು ಅವನ್ನು ಚೆಲ್ಲುತ್ತವೆ. ಎಲೆ ಉದುರಿ ಗೊಬ್ಬರವಾಗಿ ಮುಂದಿನ ಗಿಡಕ್ಕೆ ಉಣಿಸಾಗುವಂತೆ ಆ ಧಾತುಗಳು ಮುಂದಿನ ನಕ್ಷತ್ರಗಳಿಗೆ ಸೇರುತ್ತವೆ. 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ಭೂಮಿಯೂ ರೂಪುಗೊಂಡದ್ದು ಇಂತಹ ಫಲವತ್ತಾದ ಅನಿಲದಿಂದಲೇ. ಮಲೆನಾಡಿನ ಕೆಂಪು ಮಣ್ಣಿಗೆ ಬಣ್ಣ ಕೊಟ್ಟ ಕಬ್ಬಿಣ, ನಮ್ಮ ರಕ್ತಕ್ಕೆ ಬಣ್ಣ ಕೊಟ್ಟ ಕಬ್ಬಿಣ, ಎರಡೂ ಎಂದೋ ಅಳಿದ ನಕ್ಷತ್ರಗಳ ಕೊಡುಗೆ.

ಗೆಲಾಕ್ಸಿಗಳ ಕಥೆ ಇನ್ನೂ ಮುಗಿದಿಲ್ಲ. ದೇವಯಾನಿಯ ಗೆಲಾಕ್ಸಿಯು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಸಾಗಿಬರುತ್ತಿದೆ. ಅವೆರಡೂ ಬೆರೆಯುವುದು ಖಚಿತವೆಂದು ಬಹುಕಾಲ ನಂಬಲಾಗಿತ್ತು. 2025ರಲ್ಲಿ ಪ್ರಕಟವಾದ ಗಣನೆಯೊಂದು ಮುಂದಿನ 1,000 ಕೋಟಿ ವರ್ಷಗಳಲ್ಲಿ ಹಾಗಾಗುವ ಸಂಭವ ಸುಮಾರು ಅರ್ಧದಷ್ಟು ಮಾತ್ರವೆಂದು ತಿಳಿಸಿದೆ. ಹೀಗೆ ನಿನ್ನೆಯ ನಿಶ್ಚಯವನ್ನು ಇಂದು ಮರಳಿ ಅಳೆದು ತೂಗುವುದೇ ವಿಜ್ಞಾನದ ಹಾದಿ.

ಗಂಗಾಮೂಲದ ತಂಪಿನಲ್ಲಿ ಜಿನುಗುವ ನೀರನ್ನು ಕಂಡವರಿಗೆ ಅದು ಮುಂದೆ ಮಹಾನದಿಯಾಗುವುದೆಂದು ಹೊಳೆಯುವುದು ಕಷ್ಟ. ಆಕಾಶಗಂಗೆಯ ಮೂಲವೂ ಅಂತಹುದೇ: ಕತ್ತಲೆಯಲ್ಲಿ ಹರಡಿದ್ದ ತೆಳುವಾದ ಅನಿಲ ಮತ್ತು ಅದರೊಳಗಿನ ಅತಿ ಸಣ್ಣ ಏರುತಗ್ಗು. ಅದರಿಂದ ನಕ್ಷತ್ರಗಳು, ಭೂಮಿ, ಕಾಡು, ಹೊಳೆ, ಕೊನೆಗೆ ತನ್ನ ಮೂಲವನ್ನು ತಾನೇ ಅರಸಲು ನೀರಿನ ಮೇಲೆ ತೆಪ್ಪವನ್ನು ತೇಲಿಬಿಟ್ಟ ಮಾನವನೂ ಬಂದನು. ಮಳೆ ಹಿಂದೆಗೆದ ರಾತ್ರಿ ಅಂಗಳದ ದೀಪವನ್ನು ಆರಿಸಿ ಮೇಲೆ ನೋಡುವ ಪ್ರತಿಯೊಬ್ಬರಿಗೂ ಆ ಮೂಲದ ಬೆಳಕಿನ ಒಂದು ಪಾಲು ಇಂದಿಗೂ ದೊರೆಯುತ್ತದೆ.