ಕೆರೆಯ ದಂಡೆಯ ಕಾಡುದಾರಿ

ಕಾಡಿನಲ್ಲಿ ನಡೆಯಬೇಕಾದರೆ ಮಲೆನಾಡಿಗೇ ಹೋಗಬೇಕೆಂಬ ಎಣಿಕೆ ನಮ್ಮಲ್ಲಿ ಅನೇಕರಿಗಿದೆ. ಬೀದರ, ಭಾಲ್ಕಿ, ಔರಾದಗಳ ಹೆಸರೆತ್ತಿದೊಡನೆ ಬಿಸಿಲು, ತೊಗರಿಯ ಹೊಲ, ಬರಗಾಲ ಇವಿಷ್ಟೇ ಕಣ್ಣಮುಂದೆ ನಿಲ್ಲುತ್ತವೆ. ಆದರೆ ‘ಬೀದರ’ ಎಂಬ ಹೆಸರು ಬಿದಿರಿನಿಂದ ಬಂದುದೆಂದು ಹಿರಿಯರು ಹೇಳುತ್ತಾರೆ. ಕಾಡಿನ ನೆನಪನ್ನು ಹೆಸರಿನಲ್ಲಿಯೇ ಹೊತ್ತ ಊರು ಇದು. ಇಲ್ಲಿಯ ಕೆರೆಗೂ ಕಾಡಿಗೂ ಇರುವ ನಂಟನ್ನು ಅರಿಯಬೇಕಾದರೆ ನೀವು ಕಾಲ್ನಡಿಗೆಯಲ್ಲಿಯೇ ಹೊರಡಬೇಕು. ಅದೂ ಮೇಲಿನಿಂದ ಕೆಳಕ್ಕೆ.

ಮೊದಲು ಕಾಲಡಿಯ ನೆಲವನ್ನು ನೋಡಿ. ನೌಬಾದವೂ ಬೀದರವೂ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲೆ. ಅದರ ಹೊದಿಕೆ ಕಬ್ಬಿಣದ ಅಂಶ ತುಂಬಿದ ಕೆಂಪು ಜಂಬಿಟ್ಟಿಗೆ ಕಲ್ಲು. ಜೇನುಹುಟ್ಟಿನಂತೆ ತೂತು ತೂತಾದ ಈ ಕಲ್ಲು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಕೆಳಗಿಳಿದು ಜಿಗುಟು ಮಣ್ಣನ್ನೂ ಕರಿಕಲ್ಲನ್ನೂ ಮುಟ್ಟಿದಾಗ ಮುಂದೆ ಹೋಗಲು ಎಡೆಯಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ಒಸರಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆಯುವುದೂ, ಗುರುನಾನಕ ಝೀರಾದ ಸಿಹಿನೀರೂ, ಪಾಪನಾಶದ ಕೆರೆಯೂ ಈ ಒಂದೇ ಕಾರಣದ ಫಲಗಳು. ನಂಬಿಕೆಗಳು ಬೇರೆಬೇರೆ, ಒಡಲಿನ ನೀರು ಒಂದೇ.

ಈ ಗುಟ್ಟನ್ನು 15ನೆಯ ಶತಮಾನದ ಬಹಮನಿ ಅರಸರ ಕಾಲದಲ್ಲಿಯೇ ಬಲ್ಲವರಿದ್ದರು. ಪಾರಸೀಕ ದೇಶದ ವಿದ್ಯೆಯನ್ನು ಅನುಸರಿಸಿ ನೌಬಾದದಲ್ಲಿ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗವನ್ನು ತೋಡಿಸಿದರು. ಇದಕ್ಕೆ ಕರೇಜ್ ಎಂದು ಹೆಸರು. ಜನ ಸುರಂಗ ಬಾವಿ ಎನ್ನುತ್ತಾರೆ. ನೆಲದೊಳಗೆ ಕೊಂಚ ಇಳಿಜಾರಾಗಿ ಸಾಗುವ ಕಾಲುವೆ. ಅಲ್ಲಲ್ಲಿ ಗಾಳಿ ಬೆಳಕಿಗಾಗಿ, ನೀರು ಸೇದುವುದಕ್ಕಾಗಿ ಬಾವಿಯಂಥ ಬಾಯಿಗಳು. ರಾಟೆಯಿಲ್ಲ, ಯಂತ್ರವಿಲ್ಲ, ನೀರು ತನ್ನ ಭಾರದಿಂದಲೇ ಹರಿಯುತ್ತದೆ. ನಡೆಯುವಾಗ ಇಂಥ ಬಾಯಿ ಕಂಡರೆ ದೂರ ನಿಂತು ನೋಡಿ; ಅಂಚಿನ ಮಣ್ಣನ್ನು ನಂಬಬೇಡಿ.

ಇಳಿಜಾರಿನಲ್ಲಿ ಬೇವು, ಹೊಂಗೆ, ಸೀತಾಫಲದ ಪೊದೆಗಳು ನಿಮ್ಮನ್ನು ಎದುರುಗೊಳ್ಳುತ್ತವೆ. ಫಾಲ್ಗುಣ ಮಾಸಕ್ಕೆ ಮುತ್ತುಗ ಎಲೆಯುದುರಿಸಿ ಕೆಂಡದಂತೆ ಅರಳುತ್ತದೆ. ಬೋಳು ಬಯಲೆಂದು ನಾವು ತಾತ್ಸಾರ ಮಾಡುವ ಹುಲ್ಲುಗಾವಲು ಕೃಷ್ಣಮೃಗದ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಪೂರ್ಣ ರಕ್ಷಣೆ ಕೊಟ್ಟಿದೆ. ಕೆರೆಯ ಅಂಚಿಗೆ ಬಂದಾಗ ಮಾತು ನಿಲ್ಲಿಸಿ. ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆಗಳು ಸದ್ದಿಗೆ ಮೊದಲು ಹಾರಿಹೋಗುವವು. ಹಸಿ ಕೆಸರಿನ ಮೇಲಿನ ಹೆಜ್ಜೆಗುರುತುಗಳನ್ನು ಓದಿ: ರಾತ್ರಿ ಯಾರು ಯಾರು ನೀರಿಗೆ ಬಂದಿದ್ದರೆಂಬ ಲೆಕ್ಕ ಅಲ್ಲಿದೆ. ಅಂತರಗಂಗೆ ದಟ್ಟವಾಗಿ ಹಬ್ಬಿದ್ದರೆ, ಊರಿನ ಕೊಳೆನೀರು ಕೆರೆಯನ್ನು ಸೇರುತ್ತಿದೆಯೇ ಎಂದು ವಿಚಾರಿಸಿ.

ನಡಿಗೆಗೆ ಕಾರ್ತಿಕದಿಂದ ಮಾಘದವರೆಗೆ ಒಳ್ಳೆಯ ಕಾಲ. ಹೊತ್ತು ಮೂಡುವ ಮುನ್ನ ಹೊರಡಿ. ಗಟ್ಟಿ ಪಾದರಕ್ಷೆ, ಕುಡಿಯುವ ನೀರು, ಜೊತೆಗೊಬ್ಬರು ಇರಲಿ. ಶಹಾಪುರ, ಹೊನ್ನಿಕೇರಿಗಳಂಥ ಕಾಯ್ದಿಟ್ಟ ಅರಣ್ಯಕ್ಕೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಬೇಸಗೆಯಲ್ಲಿ ಬೆಂಕಿಯನ್ನು ಒಯ್ಯಲೇಬೇಡಿ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಕೆರೆಯ ದಂಡೆಯಲ್ಲಿ ಕುಳಿತು ನೀವು ಇಳಿದು ಬಂದ ಎತ್ತರವನ್ನು ಒಮ್ಮೆ ತಿರುಗಿ ನೋಡಿ. ಕೆರೆಯ ನೀರು ಕೆರೆಯಲ್ಲಿ ಹುಟ್ಟಿದ್ದಲ್ಲ. ಮೇಲಿನ ಹುಲ್ಲು, ಗಿಡ, ಕೆಂಪುಕಲ್ಲು ತಡೆದು ಇಂಗಿಸಿದ ಮಳೆ ಅದು. ನೌಬಾದ ಬೆಳೆಯುತ್ತಿದೆ, ಬೆಳೆಯಲಿ. ಆದರೆ ಮೇಲಿನ ನೆಲವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿ, ಸುರಂಗದ ಬಾಯಿಗಳಿಗೆ ಕಸ ತುಂಬಿದರೆ ಕೆಳಗೆ ಝರಣಿ ಬತ್ತುವುದು. ಆಮೇಲೆ ಕೆರೆಯ ಹೂಳನ್ನು ಎಷ್ಟು ಎತ್ತಿದರೇನು? ಕೆರೆಯನ್ನು ಉಳಿಸುವ ಕೆಲಸ ದಂಡೆಯಲ್ಲಿ ಅಲ್ಲ, ಎತ್ತರದಲ್ಲಿ ಮೊದಲಾಗಬೇಕು. ಈ ಮಾತನ್ನು ಮಕ್ಕಳಿಗೆ ಪಾಠ ಹೇಳಿ ಕಲಿಸುವುದಕ್ಕಿಂತ, ಕೈಹಿಡಿದು ಈ ದಾರಿಯಲ್ಲಿ ಒಮ್ಮೆ ನಡೆಸುವುದು ಲೇಸು.