ಹೊಸ ಬ್ರೇಕಿನ ಹದ

ಕಾರಿನ ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡು, ಹೊಸ ಡಿಸ್ಕು ಕೂರಿಸಿ ಕೀಲಿಕೈ ಕೊಡುವಾಗ ಗ್ಯಾರೇಜಿನ ಮೆಕ್ಯಾನಿಕ್ ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: "ಸಾರ್, ಒಂದಿನ್ನೂರು ಕಿಲೋಮೀಟರ್ ಸ್ವಲ್ಪ ನೋಡ್ಕೊಂಡು ಓಡಿಸಿ, ಬ್ರೇಕ್ ಸೆಟ್ ಆಗ್ಬೇಕು." ಸೆಟ್ ಆಗುವುದೆಂದರೆ ಏನೆಂದು ಕೇಳುವವರು ಕಡಿಮೆ. ಕೆಲವರು ಆ ಮಾತಿಗೆ ಹೆದರಿ ವಾರವಿಡೀ ಪೆಡಲನ್ನು ಮುಟ್ಟಿಯೂ ಮುಟ್ಟದಂತೆ ಓಡಿಸುತ್ತಾರೆ. ಇನ್ನು ಕೆಲವರು ಕೊಟ್ಟ ದುಡ್ಡಿಗೆ ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಿಯೇ ಬಿಡೋಣವೆಂದು ಮೊದಲ ತಿರುವಿನಲ್ಲೇ ಗಕ್ಕನೆ ತುಳಿದು ನಿಲ್ಲಿಸುತ್ತಾರೆ. ಹೊಸ ಬ್ರೇಕಿಗೆ ಬೇಕಾದದ್ದು ಇವೆರಡೂ ಅಲ್ಲ.

ಅಂಗಡಿಯಿಂದ ತಂದ ಕಬ್ಬಿಣದ ಕಾವಲಿಯ ಮೇಲೆ ಅದೇ ದಿನ ದೋಸೆ ಹುಯ್ದರೆ ಏಳುವುದಿಲ್ಲ. ತೊಳೆದು, ಕಾಯಿಸಿ, ಎಣ್ಣೆ ಸವರಿ, ಆರಲು ಬಿಟ್ಟು, ಮತ್ತೆ ಕಾಯಿಸಿ ಪಳಗಿಸಬೇಕು. ಎಣ್ಣೆ ಕಾವಿಗೆ ಗಟ್ಟಿಯಾಗಿ ಕಬ್ಬಿಣದ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಬಹುಪಾಲು ಕಾರುಗಳ ಡಿಸ್ಕು ಕೂಡ ಎರಕದ ಕಬ್ಬಿಣದ್ದೇ. ಅದಕ್ಕೂ ಕಾವು ಕೊಟ್ಟು, ಆರಿಸಿ ಒಂದು ಪೊರೆ ಕಟ್ಟಿಸಬೇಕು. ಕಾವಲಿಯ ಪೊರೆ ದೋಸೆ ಅಂಟದಿರಲೆಂದು. ಡಿಸ್ಕಿನ ಪೊರೆ ಪ್ಯಾಡು ಕಚ್ಚಿ ಹಿಡಿಯಲೆಂದು. ಆ ಪೊರೆ ಕಾರ್ಖಾನೆಯಲ್ಲಿ ತಯಾರಾಗಿ ಬರುವುದಿಲ್ಲ. ಅದನ್ನು ರಸ್ತೆಯಲ್ಲಿ, ತನ್ನ ಕಾಲಿನಿಂದ ಕಟ್ಟುವವನು ಚಾಲಕ.

ಬ್ರೇಕು ಮಾಡುವ ಕೆಲಸವೆಂದರೆ ಓಟವನ್ನು ಬಿಸಿಯಾಗಿ ಬದಲಾಯಿಸುವುದು. 1,200 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಅದರಲ್ಲಿ ಸುಮಾರು 460 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಹೆಚ್ಚುಕಡಿಮೆ ಒಂದೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಸಾಕು. ಒಲೆಯ ಮೇಲೆ ಅದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಬ್ರೇಕು ಅದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಅದರಲ್ಲೂ ಹೆಚ್ಚಿನ ಹೊರೆ ಮುಂದಿನ ಎರಡು ಡಿಸ್ಕುಗಳ ಮೇಲೆ, ಏಕೆಂದರೆ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ.

ಇಂಥ ಬೆಂಕಿಯಂಥ ಕೆಲಸಕ್ಕೆ ಯಾವ ವಸ್ತು ತಾಳೀತು ಎಂಬ ಹುಡುಕಾಟ ಹಳೆಯದು. ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಾಡಿನಲ್ಲಿ ಕುದುರೆಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟು ಹೊಡೆದು ಇಳಿಜಾರು ಇಳಿಯುವುದನ್ನು ಹರ್ಬರ್ಟ್ ಫ್ರೂಡ್ ಗಮನಿಸಿದ. ಅದಕ್ಕಿಂತ ಒಳ್ಳೆಯದನ್ನು ಮಾಡಬಹುದೆಂದು 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ ಮುಂದೆ 'ಫೆರೋಡೋ' ಆಯಿತು. ಹೆಸರಿನಲ್ಲಿ ಫ್ರೂಡ್‌ನ ಅಕ್ಷರಗಳೇ ಅದಲುಬದಲಾಗಿ ಕೂತಿವೆ. ಆಮೇಲೆ ಬಹುಕಾಲ ಆಸ್ಬೆಸ್ಟಾಸ್ ಬ್ರೇಕುಗಳನ್ನು ಆಳಿತು. ಅದರ ಧೂಳು ಶ್ವಾಸಕೋಶವನ್ನು ತಿನ್ನುತ್ತದೆಂದು ತಿಳಿದ ಮೇಲೆ ಹಲವು ದೇಶಗಳು ಅದನ್ನು ಕೈಬಿಟ್ಟವು.

ಇಂದಿನ ಸಾಮಾನ್ಯ ಪ್ಯಾಡು ಒಂದು ಬಗೆಯ ಗಟ್ಟಿ ಮಿಶ್ರಣ. ನಾರು, ಲೋಹದ ಚೂರು, ಉಜ್ಜುವ ಖನಿಜಗಳು, ಜಾರಿಕೆಗೆ ಗ್ರ್ಯಾಫೈಟು, ಇವೆಲ್ಲವನ್ನೂ ಹಿಡಿದಿಡಲು ಫೀನಾಲಿಕ್ ರಾಳ. ಈ ಮಿಶ್ರಣದಲ್ಲಿ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಪರಿಚಯವಿರುವ ವಸ್ತುವೊಂದೂ ಇದೆ. ಗೇರುಬೀಜದ ಸಿಪ್ಪೆಯೊಳಗಿನ ಕಪ್ಪು, ಕಾರದ ಎಣ್ಣೆ, ಕೈಗೆ ತಾಗಿದರೆ ಚರ್ಮ ಸುಲಿಯುತ್ತದಲ್ಲ, ಅದೇ. ಅದನ್ನು ರಾಸಾಯನಿಕವಾಗಿ ಗಟ್ಟಿಗೊಳಿಸಿ ಪುಡಿ ಮಾಡಿದರೆ ಬ್ರೇಕ್ ಪ್ಯಾಡಿಗೆ ಬೆರೆಸುವ ಘರ್ಷಣೆಯ ಪುಡಿ ಸಿಗುತ್ತದೆ. ಪ್ಯಾಡಿನ ಸದ್ದನ್ನು ತಗ್ಗಿಸಿ, ಹಿಡಿತವನ್ನು ಒಂದೇ ಸಮನಾಗಿಡಲು ಅದು ನೆರವಾಗುತ್ತದೆ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳಲ್ಲಿ ಹೆಂಗಸರು ಕೈಗೆ ಎಣ್ಣೆ ಹಚ್ಚಿಕೊಂಡು ದೂರವಿಡುತ್ತಿದ್ದ ಆ ಉರಿರಸಕ್ಕೆ ಕಾರಿನ ಚಕ್ರದೊಳಗೆ ಇಂಥದೊಂದು ಘನವಾದ ಉದ್ಯೋಗವಿದೆ.

ಪ್ಯಾಡು ಡಿಸ್ಕನ್ನು ತಡೆಯುವುದು ಎರಡು ಬಗೆಯಲ್ಲಿ. ಒಂದು, ಉಪ್ಪುಕಾಗದದಂತೆ ಕೆರೆಯುವುದು. ಇದರಲ್ಲಿ ಪ್ಯಾಡೂ ಸವೆಯುತ್ತದೆ, ಡಿಸ್ಕೂ ಸವೆಯುತ್ತದೆ. ಎರಡನೆಯದು ಸೂಕ್ಷ್ಮ: ಪ್ಯಾಡಿನ ವಸ್ತು ಕಾವಿಗೆ ಡಿಸ್ಕಿನ ಮೇಲೆ ತೆಳುವಾಗಿ ಹತ್ತಿಕೊಳ್ಳುತ್ತದೆ; ಆ ಬಳಿಕ ಉಜ್ಜಾಟ ನಡೆಯುವುದು ಪ್ಯಾಡಿಗೂ ತನ್ನದೇ ಪೊರೆಗೂ ನಡುವೆ. ಅಣುಮಟ್ಟದಲ್ಲಿ ಬಂಧಗಳು ಕ್ಷಣಕ್ಷಣಕ್ಕೂ ಬೆಸೆದು ಮುರಿಯುತ್ತವೆ, ಓಟದ ಶಕ್ತಿ ಅಲ್ಲಿ ಬಿಸಿಯಾಗಿ ಕರಗುತ್ತದೆ. ಈ ಪೊರೆಯ ದಪ್ಪ ಕೆಲವೇ ಮೈಕ್ರೋಮೀಟರ್. ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ಪ್ಯಾಡನ್ನು ಗಾಜಿನ ಡಿಸ್ಕಿಗೆ ಒತ್ತಿ, ಅದರ ಮೂಲಕ ಉಜ್ಜಾಟವನ್ನು ಕಣ್ಣಾರೆ ನೋಡಿದ್ದಾರೆ. ಪ್ಯಾಡಿನ ಇಡೀ ಮುಖ ತಾಗುವುದಿಲ್ಲ. ಅಲ್ಲಲ್ಲಿ ಎದ್ದ ಪುಟ್ಟ ಚಪ್ಪಟೆ ದಿಬ್ಬಗಳು ಮಾತ್ರ ತಾಗುತ್ತವೆ; ಅವು ಬೆಳೆಯುತ್ತ, ಕುಸಿಯುತ್ತ ಇರುತ್ತವೆ. ಹೊಸ ಪ್ಯಾಡಿನಲ್ಲಿ ಈ ದಿಬ್ಬಗಳು ಇನ್ನೂ ಮೂಡಿರುವುದಿಲ್ಲ. ಹೊಸ ಬ್ರೇಕು ಮೊದಮೊದಲು ಮೆತ್ತಗೆ, ತಡವಾಗಿ ಹಿಡಿದಂತೆ ಅನಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಪೊರೆ ಸಮನಾಗಿ ಕಟ್ಟದಿದ್ದರೆ ಕಾಟ ಶುರುವಾಗುತ್ತದೆ. ಬಿಸಿಯಾದ ಹೊಸ ಬ್ರೇಕನ್ನು ಪೂರ್ತಿ ತುಳಿದು ಸಿಗ್ನಲ್ಲಿನಲ್ಲಿ ಹಾಗೇ ನಿಂತರೆ, ಪ್ಯಾಡಿನ ಆಕಾರದ ಒಂದು ಅಚ್ಚು ಡಿಸ್ಕಿನ ಮೇಲೆ ಉಳಿಯುತ್ತದೆ. ಮುಂದೆ ಪ್ರತಿ ಸುತ್ತಿಗೂ ಆ ಅಚ್ಚು ಪ್ಯಾಡಿಗೆ ಎಡವುತ್ತದೆ. ಡಿಸ್ಕಿನ ದಪ್ಪದಲ್ಲಿ ಹತ್ತಿಪ್ಪತ್ತು ಮೈಕ್ರೋಮೀಟರ್ ಏರುಪೇರಾದರೂ ಸಾಕು, ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ" ಎಂದು ಗ್ಯಾರೇಜಿನಲ್ಲಿ ಹೇಳುವುದು ಬಹುಮಟ್ಟಿಗೆ ಈ ನಡುಕಕ್ಕೇ. 1966ರಲ್ಲಿ ಲ ಮಾನ್ ಓಟ ಗೆದ್ದ ಫೋರ್ಡ್ ಕಾರುಗಳ ತಂಡದಲ್ಲಿ ದುಡಿದಿದ್ದ ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್, ಬಾಗಿದ ಡಿಸ್ಕೆಂದು ತನ್ನ ಬಳಿ ಬಂದ ದೂರುಗಳನ್ನು ಕೆದಕಿ ನೋಡಿದಾಗಲೆಲ್ಲ ಸಿಕ್ಕಿದ್ದು ಏರುಪೇರಾಗಿ ಹತ್ತಿದ ಪ್ಯಾಡಿನ ವಸ್ತು ಎಂದು ಬರೆದರು. ಆ ಅಚ್ಚಿನ ಕೆಳಗಿನ ಜಾಗ ಹೆಚ್ಚು ಕಾದು ಸುಮಾರು 700 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಲ್ಲಿನ ಕಬ್ಬಿಣ ಸಿಮೆಂಟೈಟ್ ಎಂಬ ಅತಿ ಗಡುಸಾದ ರೂಪ ತಳೆಯುತ್ತದೆ. ಅದು ಸವೆಯುವುದಿಲ್ಲ, ಬಿಸಿಯನ್ನೂ ಸರಿಯಾಗಿ ಹೀರುವುದಿಲ್ಲ. ಆಮೇಲೆ ಲೇತ್ ಹಿಡಿಸಿದರೂ ನಡುಕ ಮರಳಿ ಬರುವ ಸಂಭವ ಹೆಚ್ಚು.

ಹಸಿ ಪ್ಯಾಡಿನ ಇನ್ನೊಂದು ತೊಂದರೆ ಘಾಟಿಯಲ್ಲಿ ಬಯಲಾಗುತ್ತದೆ. ಹೊಸ ಪ್ಯಾಡು ಮೊದಲ ಸಲ ಜೋರಾಗಿ ಕಾದಾಗ ರಾಳದಿಂದ ಅನಿಲ ಹೊರಡುತ್ತದೆ; ಅದು ಪ್ಯಾಡು-ಡಿಸ್ಕುಗಳ ನಡುವೆ ಸಿಕ್ಕಿಬಿದ್ದು ಹಿಡಿತವನ್ನು ತಗ್ಗಿಸುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಅದೇ 1,200 ಕಿಲೋ ಕಾರು ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 5,900 ಕಿಲೋಜೂಲ್. ನೂರರ ವೇಗದಿಂದ ಹನ್ನೆರಡು ಸಲಕ್ಕೂ ಹೆಚ್ಚು ಪೂರ್ತಿ ನಿಲ್ಲಿಸಿದಷ್ಟು. ಹಿಂದಿನ ದಿನ ಪ್ಯಾಡು ಬದಲಾಯಿಸಿ, ಮರುದಿನ ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಾಟಿ ಇಳಿಯುವುದು ಖಂಡಿತ ಬೇಡ. ಪಳಗಿದ ಬ್ರೇಕಿದ್ದರೂ ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು.

ಹಾಗಾದರೆ ಪಳಗಿಸುವುದು ಹೇಗೆ? ಅರ್ಧ ಕೆಲಸ ಗ್ಯಾರೇಜಿನಲ್ಲೇ ಆಗಬೇಕು. ತುಕ್ಕು ಹಿಡಿಯದಿರಲೆಂದು ಹೊಸ ಡಿಸ್ಕಿಗೆ ಸವರಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು. ಡಿಸ್ಕು ಕೂರುವ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯಬೇಕು; ಅಲ್ಲೊಂದು ತುಕ್ಕಿನ ಚಕ್ಕೆ ಉಳಿದರೂ ಡಿಸ್ಕು ಓರೆಯಾಗಿ ತಿರುಗುತ್ತದೆ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು. ರಸ್ತೆಗೆ ಇಳಿಯುವ ಮೊದಲು, ಕಾರು ನಿಂತಲ್ಲೇ ಪೆಡಲನ್ನು ಕೆಲವು ಸಲ ತುಳಿದು ಗಟ್ಟಿಯಾಯಿತೇ ನೋಡುವುದನ್ನು ಯಾರೂ ಮರೆಯಬಾರದು.

ಉಳಿದರ್ಧಕ್ಕೆ ಬೆಳಗಿನ ಜಾವದ ಖಾಲಿ ರಸ್ತೆ ಬೇಕು, ಹಿಂದೆ ಯಾರೂ ಇರಬಾರದು. ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ, ಹದವಾಗಿ ಆದರೆ ಅಳುಕದೆ ಒತ್ತಿ ಇಳಿಸುವುದು. ನಿಲ್ಲಿಸದೆ ಪೆಡಲು ಬಿಟ್ಟು ಮತ್ತೆ ವೇಗ ಹಿಡಿಯುವುದು. ಹೀಗೆ ಎಂಟು-ಹತ್ತು ಸಲ. ಆಮೇಲೆ ರಸ್ತೆಯೂ ಕಾನೂನೂ ಒಪ್ಪಿದರೆ 80ರಿಂದ 20ಕ್ಕೆ ಐದಾರು ಸಲ, ಎಬಿಎಸ್ ಕೆಲಸಕ್ಕೆ ಬರುವಷ್ಟು ತುಳಿಯದೆ. ಸ್ವಲ್ಪ ಸುಟ್ಟ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಕೆಲವು ತಯಾರಕರು ಹೇಳುವುದು ಇನ್ನೂ ಸರಳ: ಸುಮಾರು 48 ಕಿ.ಮೀ. ವೇಗದಿಂದ ಮೂವತ್ತು ಸಲ, ನಡುವೆ ಮೂವತ್ತು ಸೆಕೆಂಡ್ ಬಿಡುವು. ಪ್ಯಾಡಿನ ಪೆಟ್ಟಿಗೆಯಲ್ಲಿ ಬೇರೆ ಸೂಚನೆ ಇದ್ದರೆ ಅದೇ ಸರಿ, ಏಕೆಂದರೆ ಪ್ರತಿ ಮಿಶ್ರಣದ ಹದ ಬೇರೆ. ಕೊನೆಗೆ ಹತ್ತು ನಿಮಿಷ ಆದಷ್ಟು ಬ್ರೇಕು ಮುಟ್ಟದೆ ಓಡಿಸಿ ಗಾಳಿಗೆ ಆರಿಸಬೇಕು. ಕಾದ ಬ್ರೇಕಿಗೆ ನೀರು ಹೊಯ್ಯಬಾರದು, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಲೂಬಾರದು.

ರೇಸಿಂಗ್ ತಂಡಗಳು ಈ ಕೆಲಸವನ್ನು ಅಭ್ಯಾಸದ ಸುತ್ತುಗಳಲ್ಲೇ ಮುಗಿಸುತ್ತವೆ. ಪಳಗಿದ ಪ್ಯಾಡುಗಳನ್ನು ಬಿಚ್ಚಿ, ಯಾವ ಪ್ಯಾಡು ಯಾವ ಡಿಸ್ಕಿನ ಜೋಡಿಯೆಂದು ಗುರುತು ಹಾಕಿ, ಓಟದ ದಿನಕ್ಕೆ ಎತ್ತಿಡುತ್ತವೆ. ಒಂದು ಮಿಶ್ರಣ ಕಟ್ಟಿದ ಪೊರೆಯ ಮೇಲೆ ಇನ್ನೊಂದು ಮಿಶ್ರಣ ಸರಿಯಾಗಿ ಕೂರುವುದಿಲ್ಲ. ಹಳೆಯ ಡಿಸ್ಕನ್ನೇ ಉಳಿಸಿಕೊಂಡು ಬೇರೆ ಕಂಪನಿಯ ಪ್ಯಾಡು ಹಾಕಿಸುವವರೂ ಇದನ್ನು ಮೆಕ್ಯಾನಿಕ್ಕಿಗೆ ನೆನಪಿಸಿ, ಹಳೆಯ ಪೊರೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಸುವುದು ಒಳ್ಳೆಯದು. ಪಳಗಿಸಿದ ಮರುದಿನ ಬೆಳಿಗ್ಗೆ ತಣ್ಣಗಾದ ಡಿಸ್ಕನ್ನು ಚಕ್ರದ ಸಂದಿಯಿಂದ ನೋಡಿದರೆ ಬೆಳ್ಳಿಯ ಹೊಳಪು ಹೋಗಿ, ಸುತ್ತಲೂ ಒಂದೇ ಸಮನಾದ ಬೂದುಬಣ್ಣ ಕಾಣಬೇಕು. ನಡುವೆ ಎಲ್ಲೂ ಪ್ಯಾಡಿನ ಆಕಾರದ ಕಪ್ಪು ಕಲೆ ಇರಬಾರದು.